ಬಾಗಿಲಲ್ಲಿ ಕೇಳಿದ ಹೆಸರು

ಮಧ್ಯರಾತ್ರಿ ಅಡುಗೆಮನೆಯಿಂದ ಸಣ್ಣದೊಂದು ಸಪ್ಪಳ ಬಂತು. ಬೆಲ್ಲದ ಡಬ್ಬಿಯ ಮುಚ್ಚಳದ್ದು. ತೆಗೆಯುವಾಗ ಅದು ಸುಮ್ಮನಿರುತ್ತದೆ, ಮತ್ತೆ ಹಾಕುವಾಗ ಮಾತ್ರ ‘ಟಕ್’ ಎನ್ನುತ್ತದೆ. ಹಾಕಿದವರಿಗೆ ಕಿವಿ ಮಂದವಾದ್ದರಿಂದ ಆ ‘ಟಕ್’ ಅವರಿಗೆ ಗೊತ್ತಿರಲಿಲ್ಲ. ದುರ್ಗಾಳಿಗೆ ಗೊತ್ತಿತ್ತು. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಎಂಥ ಸಪ್ಪಳಕ್ಕೂ ಅವಳಿಗೆ ಎಚ್ಚರವಾಗುತ್ತಿತ್ತು.

“ಅಜ್ಜಿ ಎದ್ದಾರ ನೋಡ್ರಿ,” ಎಂದು ಗಂಡನ ಭುಜ ಅಲುಗಿಸಿದಳು.

“ತಿನ್ಲಿ ಬಿಡು. ನಾಳೆ ಹೆಂಗೂ ಸಿಕ್ಕ ಬೀಳ್ತಾಳ,” ಎಂದು ಶಂಭುಲಿಂಗ ಮಗ್ಗಲು ಬದಲಿಸಿದ.

ಮರುದಿನ ಭಾನುವಾರ. ತಿಂಗಳಿಗೊಂದು ಭಾನುವಾರ ಶಂಭುಲಿಂಗನ ತಂಗಿ ದ್ರಾಕ್ಷಾಯಿಣಿ ಧಾರವಾಡದ ಕೆಲಗೇರಿಯಿಂದ ನವನಗರದ ಈ ಮನೆಗೆ ಬರುತ್ತಿದ್ದಳು. ಜೊತೆಗೆ ರಜನಿ ಬರುತ್ತಿದ್ದಳು. ದ್ರಾಕ್ಷಾಯಿಣಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು, ರಜನಿ ಧಾರವಾಡದ ಒಂದು ರಕ್ತ ತಪಾಸಣೆಯ ಲ್ಯಾಬಿನಲ್ಲಿದ್ದಳು. ಇಬ್ಬರೂ ಎಂಟು ವರ್ಷದಿಂದ ಒಂದೇ ಬಾಡಿಗೆ ಮನೆಯಲ್ಲಿದ್ದರು. ಈ ಮನೆಯಲ್ಲಿ ರಜನಿಯನ್ನು ‘ದಾಕ್ಷಿ ಗೆಳತಿ’ ಎನ್ನುತ್ತಿದ್ದರು. ಆ ಮಾತು ಎಲ್ಲರಿಗೂ ಸಾಕಾಗಿತ್ತು.

ಬಂದ ಕೂಡಲೇ ರಜನಿ ಪಡಸಾಲೆಯಲ್ಲಿ ಕುಳಿತು ಮಾಳವ್ವಜ್ಜಿಯ ಬೆರಳಿಗೆ ಸೂಜಿ ಚುಚ್ಚಿ, ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರದಲ್ಲಿ ಸಕ್ಕರೆ ನೋಡುತ್ತಿದ್ದಳು. ಆ ದಿನವೂ ನೋಡಿದಳು.

“ಏನ ತಿಂದೀರಿ, ಅಜ್ಜಿ?”

“ಬರೇ ರೊಟ್ಟಿ, ಪುಂಡಿಪಲ್ಯ.”

“ಹಿಟ್ಟಿನಾಗ ಇಷ್ಟು ಬೆಲ್ಲ ಹಾಕಿ ಬೀಸಿಕೊಡೂ ಗಿರಣಿ ಯಾವುದ್ರಿ? ನಮಗೂ ಹೇಳ್ರಿ.”

“ನಿನ್ನ ಯಂತ್ರಕ್ಕ ವಯಸ್ಸಾಗೇತಿ, ನನಗಲ್ಲ,” ಎಂದು ಅಜ್ಜಿ ಹತ್ತಿಯನ್ನು ಬೆರಳಿಗೆ ಒತ್ತಿಕೊಂಡಳು.

ಒಳಗೆ ಊಟಕ್ಕೆ ಬಡಿಸುತ್ತಿದ್ದರು. ಅತ್ತೆ ಶರಣವ್ವ ಮಗಳ ತಾಟಿಗೆ ಬದನೆಕಾಯಿ ಎಣ್ಣಿಗಾಯಿ ಹಾಕಿ, ಮಗನ ಕಡೆ ನೋಡಿದಳು. ಶಂಭುಲಿಂಗ ಗಂಟಲು ಸರಿಮಾಡಿಕೊಂಡ.

“ದಾಕ್ಷಿ, ಒಂದು ವಿಚಾರ. ಅಮ್ಮಿನಬಾವಿಯವರು. ಹೆಡ್‌ಮಾಸ್ತರ. ಹೆಣ್ತಿ ತೀರಿಕೊಂಡಾರ, ಮಕ್ಕಳಿಲ್ಲ.”

“ತೆಲಿಮ್ಯಾಲ ಕೂದಲಾ?” ಎಂದಳು ದ್ರಾಕ್ಷಾಯಿಣಿ.

“ಅವೂ ಇಲ್ಲ,” ಎಂದು ಪಡಸಾಲೆಯಿಂದ ಅಜ್ಜಿ ಹೇಳಿದಳು. ಬೇಕಾದಾಗ ಅವಳಿಗೆ ಕಿವಿ ಚೆನ್ನಾಗಿ ಕೇಳಿಸುತ್ತಿತ್ತು.

“ಚ್ಯಾಷ್ಟಿ ಬ್ಯಾಡ,” ಎಂದಳು ಶರಣವ್ವ. “ಮೂವತ್ತೈದು ದಾಟೇತಿ. ಇನ್ನ ಎಷ್ಟು ದಿನ ಗೆಳತಿ ಕೂಡ ಬಾಡಿಗಿ ಮನ್ಯಾಗ ಇರಾಕಿ?”

ದ್ರಾಕ್ಷಾಯಿಣಿ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟಳು. ನಾದಿನಿಯ ಕಿವಿ ಕೆಂಪಾಗುವುದನ್ನು ದುರ್ಗಾ ನೋಡಿದಳು.

“ಅವ್ವಾ, ಇನ್ನ ವರ ಹುಡುಕಬ್ಯಾಡ. ನನ್ನ ಸಂಸಾರ ಆಗಲೇ ನಡದೈತಿ. ರಜನಿ ಬರೇ ಗೆಳತಿ ಅಲ್ಲ. ನನ್ನ ಮನ್ಯಾಕಿ.”

“ಹಂಗಂದ್ರ?”

“ನೀನು ಅಪ್ಪ ಇದ್ದೀರಲ್ಲ, ಹಂಗ.”

“ನಾವು ದಿನಾ ಜಗಳಾಡ್ತೇವಿ.”

“ನಾವೂ ಆಡ್ತೇವಿ.”

ಶರಣವ್ವನ ಕೈಯ ಸೌಟು ಪಲ್ಯದ ಪಾತ್ರೆಯಲ್ಲೇ ನಿಂತಿತು. ಮಾವ ಫಕೀರಪ್ಪ ಮಜ್ಜಿಗೆ ಲೋಟ ನೋಡುತ್ತ ಕುಳಿತ. ಶಂಭುಲಿಂಗ ಮಾತ್ರ ಎಂಜಲ ಕೈಯಲ್ಲೇ ಎದ್ದು ನಿಂತ.

“ಅಮರಗೋಳದ ಮಾರ್ಕೆಟ್ಟಿನಾಗ ಅಡತಿ ಅಂಗಡಿ ಇಟ್ಟಾಂವ ನಾನು. ಮಂದಿ ಕೇಳಿದ್ರ ಏನ ಹೇಳ್ಲಿ?”

“ಎಂಟು ವರ್ಷ ಏನ ಹೇಳಿದಿ, ಅದನ್ನ ಹೇಳು ಅಣ್ಣಾ.”

“ಹಂಗಾದ್ರ ಆಕಿ ಗೆಳತಿ ಆಗಿ ಬರ್ಲಿ. ಇನ್ನೊಂದು ಆಗಿ ಬರೂದಿದ್ರ ಈ ಮನಿಗೆ ಬರೂದ ಬ್ಯಾಡ.”

“ಹಂಗಾದ್ರ ನಾನೂ ಬರೂದಿಲ್ಲ,” ಎಂದಳು ದ್ರಾಕ್ಷಾಯಿಣಿ. ದನಿ ಏರಲಿಲ್ಲ. “ಬಂದ್ರ ಇಬ್ಬರೂ ಬರ್ತೇವಿ. ನೀವು ಕರದಾಗ.”

ರಜನಿ ಪಡಸಾಲೆಯಲ್ಲಿ ಎಲ್ಲವನ್ನೂ ಕೇಳಿದ್ದಳು. ಒಳಗೆ ಬಂದು, ದ್ರಾಕ್ಷಾಯಿಣಿಯ ಅರ್ಧ ಉಂಡ ತಾಟನ್ನೂ ತನಗಾಗಿ ಇಟ್ಟಿದ್ದ ಖಾಲಿ ತಾಟನ್ನೂ ಎತ್ತಿಕೊಂಡು ಹಿತ್ತಲಿಗೆ ಹೋಗಿ ತೊಳೆದು ಬೋರಲು ಹಾಕಿದಳು. ಆಮೇಲೆ ಇಬ್ಬರೂ ಗಾಡಿ ಹತ್ತಿದರು. ಅಜ್ಜಿಯ ಸಕ್ಕರೆ ಎಷ್ಟಿತ್ತೆಂದು ಆ ದಿನ ಯಾರೂ ಕೇಳಲಿಲ್ಲ.

ಆಮೇಲಿನ ದಿನಗಳಲ್ಲಿ ಮನೆ ಮಾತು ಕಡಿಮೆ ಮಾಡಿತು. ಶರಣವ್ವ ಎಂದಿಗಿಂತ ಹೆಚ್ಚು ರೊಟ್ಟಿ ಬಡಿಯುತ್ತಿದ್ದಳು, ಉಳಿದವನ್ನು ಕಾಯಿಸಿ ಖಡಕ್ ಮಾಡಿ ಪೇರಿಸಿಡುತ್ತಿದ್ದಳು. ಪೇರಿಸಿದ್ದು ಎತ್ತರವಾದಷ್ಟೂ ಅವಳ ಸಿಟ್ಟು ಇಳಿಯುತ್ತಿದ್ದಂತೆ ದುರ್ಗಾಳಿಗೆ ಕಂಡಿತು. ಫಕೀರಪ್ಪ ಮಾತ್ರ ಆ ವಿಷಯ ಎತ್ತಲೇ ಇಲ್ಲ. ನಿವೃತ್ತಿಯಾಗುವ ತನಕ ಅವನು ನೋಂದಣಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಹೊಲದ ಖರೀದಿ, ಅಣ್ಣತಮ್ಮಂದಿರ ಪಾಲಿನ ವಾಟ್ನಿ, ಲಗ್ನ, ಎಲ್ಲಕ್ಕೂ ಠಸ್ಸೆ ಒತ್ತಿದ ಕೈ. ಮನೆಯ ಮಾತನ್ನೂ ಕಾಯ್ದೆಯ ದಾರಿಯಿಂದಲೇ ಆಡಿ ರೂಢಿ.

ಒಂದು ಬೆಳಿಗ್ಗೆ, ಎರಡು ಸಾವಿರದ ಐದರ ಡಿಸೆಂಬರ್ ಮುಗಿಯುತ್ತ ಬಂದಿದ್ದಾಗ, ಅವನು ಪೇಪರ್ ಹಿಡಿದುಕೊಂಡು ಅಡುಗೆಮನೆಯ ಹೊಸ್ತಿಲಲ್ಲಿ ಬಂದು ಕುಳಿತ. ಶರಣವ್ವ ರೊಟ್ಟಿ ಬಡಿಯುತ್ತಿದ್ದಳು, ದುರ್ಗಾ ತೊಗರಿಬೇಳೆ ಆರಿಸುತ್ತಿದ್ದಳು, ಅಜ್ಜಿ ಒಲೆಯ ಬದಿಗೆ ಕಾಲು ಚಾಚಿದ್ದಳು.

“ಇಂಗ್ಲಂಡಿನಾಗ ಕಾಯ್ದೆ ಬಂದೈತಿ,” ಎಂದ, ಯಾರಿಗೂ ಅಲ್ಲವೆಂಬಂತೆ. “ಗಂಡಸರು ಗಂಡಸರು, ಹೆಂಗಸರು ಹೆಂಗಸರು ಕಚೇರಿಗೆ ಹೋಗಿ ಸಹಿ ಹಾಕಾಕತ್ತಾರ.”

ಶರಣವ್ವನ ಕೈ ನಿಲ್ಲಲಿಲ್ಲ. “ಲಗ್ನದ ಸಹಿ?”

“ಲಗ್ನ ಅಲ್ಲ. ಆ ಶಬ್ದ ಕೊಟ್ಟಿಲ್ಲ. ನೋಂದಣಿ ಆದ ಜೋಡಿ, ಅಷ್ಟ. ಉಳಿದದ್ದು ಹೆಚ್ಚೂಕಡಿಮಿ ಎಲ್ಲಾ ಐತಿ. ಒಬ್ಬರ ಆಸ್ತಿ ಇನ್ನೊಬ್ಬರಿಗೆ, ಪಿಂಚಣಿ ಇನ್ನೊಬ್ಬರಿಗೆ. ಹಾಲಂಡಿನಾಗ, ಸ್ಪೇನಿನಾಗ ಹಂಗಲ್ಲ. ಅಲ್ಲಿ ಪೂರಾ ಲಗ್ನಾನ.”

“ಎಲ್ಲಾ ಕೊಟ್ಟವರು ಹೆಸರೊಂದು ಯಾಕ ಇಟಗೊಂಡ್ರು ಮಾಮಾ?” ಎಂದಳು ದುರ್ಗಾ.

“ಹೆಸರು ಕೊಟ್ರ ಮಂದಿ ಸಿಟ್ಟಿಗೇಳ್ತಾರ. ಹಕ್ಕು ಕೊಟ್ರ ಯಾರಿಗೂ ಕಾಣೂದಿಲ್ಲ.”

“ನಮ್ಮಲ್ಲಿ?” ಎಂದಳು ಶರಣವ್ವ.

“ನಮ್ಮಲ್ಲಿ ಅದೂ ಇಲ್ಲ, ಇದೂ ಇಲ್ಲ. ಇರೂದು ಒಂದ ಕಲಂ. ಅದು ಜೇಲಿಗೆ ಹಾಕೂ ಕಲಂ.”

ಹೆಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಬಂತು. ಶರಣವ್ವನ ಮುಖದಲ್ಲಿ ಅಲ್ಲಿಯವರೆಗೆ ಸಿಟ್ಟಿತ್ತು. ಆ ಹೊಗೆಯಲ್ಲಿ ಅದು ಹೆದರಿಕೆಯಾದದ್ದನ್ನು ದುರ್ಗಾ ಕಂಡಳು.

ಅಜ್ಜಿ ಕಾಲು ಮಡಚಿಕೊಂಡಳು. “ಅಂದ್ರ ಇಂಗ್ಲಂಡಿನವರು ಉಡಿಕಿ ಮಾಡಾಕತ್ತಾರ ಅನ್ನು.”

ಗಂಡ ಸತ್ತ ಹೆಣ್ಣಿಗೆ ಮಾಡುವ ಎರಡನೆಯ ಮದುವೆಯೇ ಉಡಿಕೆ. ಅದಕ್ಕೆ ಬಾಜಾಬಜಂತ್ರಿ ಇಲ್ಲ, ಚಪ್ಪರವಿಲ್ಲ, ಅರಿಷಿಣದ ನೀರಿಲ್ಲ. ಕತ್ತಲಾದ ಮೇಲೆ ನಾಲ್ಕು ಜನ ಸೇರಿ ಸೀರೆ ಉಡಿಸಿ ಕಳಿಸಿಬಿಡುತ್ತಾರೆ. ಮಾಳವ್ವಜ್ಜಿ ಹಾಗೆಯೇ ಅಮ್ಮಿನಬಾವಿಯ ಗುರುಶಿದ್ದಪ್ಪನ ಮನೆಗೆ ಬಂದವಳು. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದರೂ ಯಾರೂ ಆಡದ ಮಾತು ಅದು.

“ಹಳೇದ್ಯಾಕ ಯವ್ವಾ?” ಎಂದ ಫಕೀರಪ್ಪ. “ಕಾಯ್ದೆದಾಗ ನಿಂದೂ ಲಗ್ನಾನ.”

“ನಾ ಇಲ್ಲಂದೆನೇನು? ಹೊಲದಾಗ ಪಾಲು ಕೊಟ್ರು, ಉಣ್ಣಾಕ ಕೊಟ್ರು. ನಿಮ್ಮಪ್ಪಂತೂ ದೇವರಂಥಾಂವ. ಆದ್ರ ಆರತಿ ತಾಟಿಗೆ ಕೈ ಹಚ್ಚಗೊಡಲಿಲ್ಲ. ನಿನ್ನ ಲಗ್ನದಾಗ ನಿನಗ ಅರಿಷಿಣ ಹಚ್ಚಿದಾಕಿ ನಿಮ್ಮ ಚಿಗವ್ವ. ಹಡದಾಕಿ ನಾನು, ಅಕ್ಕಿಕಾಳು ಹಿಡಕೊಂಡು ಕಂಬದ ಹಿಂದ ನಿಂತಿದ್ದೆ.”

“ನನಗ ಅದು ಗೊತ್ತಿರಲಿಲ್ಲ ಅತ್ತಿ,” ಎಂದಳು ಶರಣವ್ವ.

“ನೀ ತೆಲಿ ಬಗ್ಗಿಸಿ ಕುಂತಿದ್ದಿ. ಬಾಗಲದಾಗ ಮಾತ್ರ ಛಲೋ ಬಾಯಿ ಬಿಟ್ಟಿ. ಎಂಥಾ ಒಡಪು ಹಾಕಿ ಗಂಡನ ಹೆಸರು ಹೇಳಿದಿ!”

ಶರಣವ್ವ ನಕ್ಕುಬಿಟ್ಟಳು. ಹೊಸ ಮದುವಣಗಿತ್ತಿ ಮನೆಯ ಬಾಗಿಲಿಗೆ ಬಂದಾಗ ಹೆಂಗಸರು ಅಡ್ಡ ನಿಲ್ಲುತ್ತಾರೆ. ಪ್ರಾಸ ಕೂಡಿಸಿ ಎರಡು ಸಾಲಿನ ಒಡಪು ಕಟ್ಟಿ, ಅದರೊಳಗೆ ಗಂಡನ ಹೆಸರು ಹೇಳಬೇಕು. ಹೇಳುವ ತನಕ ಒಳಗೆ ಬಿಡುವುದಿಲ್ಲ.

“ನಿಮಗ ಯಾರ ಅಡ್ಡ ನಿಂತಿದ್ರು ಅಜ್ಜಿ?” ಎಂದು ಕೇಳಿದ ಮೇಲೆ ದುರ್ಗಾಳಿಗೆ, ಕೇಳಬಾರದಿತ್ತು ಎನ್ನಿಸಿತು.

“ನನ್ನ ಹಿತ್ತಲ ಬಾಗಲದಿಂದ ಕರಕೊಂಡ್ರು. ಅಲ್ಲಿ ಎಮ್ಮಿ ಕಟ್ಟಿತ್ತು,” ಎಂದಳು ಅಜ್ಜಿ. “ಅದೇನೂ ಕೇಳಲಿಲ್ಲ.”

ಮರುವಾರ ಶರಣವ್ವ ಒಂದು ಚೀಲ ಕಟ್ಟಿದಳು. ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಕೆನೆಮೊಸರು. “ಧಾರವಾಡಕ್ಕ ಹೊಂಟೀ ಅಲ್ಲ ದುರ್ಗಾ, ದಾಕ್ಷಿಗೆ ಕೊಟ್ಟ ಬಾ. ಒಬ್ಬಾಕಿಗೆ ಜಾಸ್ತಿ ಆಗಬಹುದು. ಇರ್ಲಿ.” ದುರ್ಗಾ ಧಾರವಾಡಕ್ಕೆ ಹೋಗುವ ಮಾತೇ ಇರಲಿಲ್ಲ. ಆದರೂ ಹೋದಳು.

ಕೆಲಗೇರಿಯ ಆ ಮನೆಯಲ್ಲಿ ಎರಡೇ ಖೋಲಿ. ಕಿಟಕಿಯಿಂದ ಕೆರೆಯ ನೀರು ಒಂದು ಪಟ್ಟಿಯಷ್ಟು ಕಾಣುತ್ತಿತ್ತು. ಒಳಗೆ ಜಗಳ ನಡೆದಿತ್ತು.

“ಎರಡ ಸೀಟಿ ಆಗ್ಯಾವ,” ಎನ್ನುತ್ತಿದ್ದಳು ದ್ರಾಕ್ಷಾಯಿಣಿ.

“ಮೂರು. ಗಣಿತದ ಟೀಚರ್ ಆಗಿ ಕುಕ್ಕರ್ ಸೀಟಿ ಎಣಸಾಕ ಬರೂದಿಲ್ಲ. ವೈನಿ, ಬರ್ರಿ, ನೀವ ಹೇಳ್ರಿ,” ಎಂದು ರಜನಿ ಬಾಗಿಲಿಗೆ ಬಂದ ಅತ್ತಿಗೆಯನ್ನು ಕರೆದಳು.

ಬೇಳೆ ಕರಗಿ ನೀರಾಗಿತ್ತು. ಮೂವರೂ ಅದನ್ನೇ ಉಂಡರು. ಎಂಟು ವರ್ಷದಲ್ಲಿ ದುರ್ಗಾ ಈ ಮನೆಯಲ್ಲಿ ಊಟಕ್ಕೆ ಕುಳಿತದ್ದು ಅದೇ ಮೊದಲು.

“ಮಾಲಕರಿಗೆ ಏನಂತ ಹೇಳೀರಿ?” ಎಂದು ಮೆಲ್ಲಗೆ ಕೇಳಿದಳು.

“ಅಕ್ಕತಂಗ್ಯಾರು ಅಂತ,” ಎಂದಳು ರಜನಿ. “ಮಾರಿ ಒಂದ ನಮೂನಿ ಐತಿ ಅಂತ ಅವರ ಹೇಳ್ತಾರ.”

ದುರ್ಗಾ ಪೇಪರಿನ ಸುದ್ದಿ ಹೇಳಿ, “ನಿಮಗ ಇಂಗ್ಲಂಡಿಂದು ಸಾಕೋ, ಹಾಲಂಡಿಂದು ಬೇಕೋ?” ಎಂದಳು.

“ಊಟಾನ ಇಲ್ಲದವರಿಗೆ ಹೋಳಿಗಿ ಬೇಕೋ ಮಾದಲಿ ಬೇಕೋ ಅಂದಂಗಾತು ವೈನಿ,” ಎಂದು ರಜನಿ ನಕ್ಕಳು. ಆಮೇಲೆ ತಾಟಿನ ಅಂಚಿಗೆ ಅನ್ನ ಸರಿಸುತ್ತ, “ಹೋದ ವರ್ಷ ನನಗ ಅಪೆಂಡಿಕ್ಸ್ ಆಪರೇಶನ್ ಆತಲ್ಲ, ಸಹಿ ಮಾಡಾಕ ಮನೀಯವರನ್ನ ಕರೀರಿ ಅಂದ್ರು. ಇಕಿ ಅಲ್ಲೇ ನಿಂತಿದ್ಲು. ನಮ್ಮಣ್ಣ ಗದಗದಿಂದ ಬರೂತನಕ ನಾ ಹೊಟ್ಟಿ ಹಿಡಕೊಂಡು ಬಿದ್ದಿದ್ದೆ. ಆ ಒಂದು ಸಹಿಗಾಗಿ ನನಗ ಇಂಗ್ಲಂಡಿಂದು ಸಾಕು,” ಎಂದಳು.

“ನನಗ ಸಾಲೂದಿಲ್ಲ,” ಎಂದಳು ದ್ರಾಕ್ಷಾಯಿಣಿ. “ಕಚೇರ್ಯಾಗ ಜೋಡಿ, ಮನ್ಯಾಗ ಗೆಳತಿ, ಅದ್ಯಾವ ಲೆಕ್ಕ? ಕಾಯ್ದೆ ಬರೂದು ಯಾವಾಗೋ. ಹಬ್ಬದ ದಿನ ನಮ್ಮವ್ವ ನಮಗ ಎರಡು ತಾಟು ಹಾಕಿ, ಬರ್ರಿ ಅಂತ ಕರೀಬೇಕು ವೈನಿ. ಇಕಿ ಯಾರು ಅಂತ ಗೊತ್ತಿದ್ದು ಕರೀಬೇಕು. ನನಗ ಸದ್ಯ ಬೇಕಾದ್ದು ಅಷ್ಟ.”

ಚೀಲ ಬಿಚ್ಚಿದಾಗ ರೊಟ್ಟಿ ಇಬ್ಬರಿಗೆ ವಾರಕ್ಕಾಗುವಷ್ಟಿತ್ತು. ದ್ರಾಕ್ಷಾಯಿಣಿ ಅದನ್ನು ನೋಡಿ ಎತ್ತಿ ಒಳಗಿಟ್ಟಳು.

ಮುಂದಿನ ತಪಾಸಣೆಯ ಭಾನುವಾರ ಬಂದರೂ ಕೆಲಗೇರಿಯಿಂದ ಯಾರೂ ಬರಲಿಲ್ಲ. ಶಂಭುಲಿಂಗ ಅಜ್ಜಿಯನ್ನು ಆಟೋದಲ್ಲಿ ಕೂಡಿಸಿಕೊಂಡು ದವಾಖಾನೆಗೆ ಕರೆದೊಯ್ದ. ಹೋದಷ್ಟೇ ಬೇಗ ತಿರುಗಿ ಬಂದ.

“ಮುಟಗಿ ಬಿಗಿದು ಕುಂತ್ಲು,” ಎಂದು ಚಪ್ಪಲಿ ಮೂಲೆಗೆ ಎಸೆದ. “ಡಾಕ್ಟರು ಕೇಳಿದ್ರು, ನರ್ಸು ಕೇಳಿದ್ಲು. ಬೆರಳು ಬಿಚ್ಚಲಿಲ್ಲ. ಅಲ್ಲಿ ಕುಂತ ಮಂದಿಯೆಲ್ಲಾ ನಕ್ಕರು.”

“ನನ್ನ ರಕ್ತ, ನನ್ನ ಬೆರಳು,” ಎಂದಳು ಅಜ್ಜಿ. “ರಜನಿ ಬಂದ್ರ ಬಿಚ್ಚತೇನಿ.”

“ಆತು, ಬರ್ಲಿ ಆಕಿ. ಚುಚ್ಚಿ ಹೋಗ್ಲಿ.”

“ಚುಚ್ಚಾಕ ಬ್ಯಾಡ. ಹಬ್ಬಕ್ಕ ಕರಿ.”

“ಅಜ್ಜಿ, ನಿನಗ ತಿಳಿಯೂದಿಲ್ಲ...”

“ನನಗ ತಿಳಿಯೂದಿಲ್ಲ? ಉಂಡ ತಾಟು ತೊಳದಿಟ್ಟು ಹೋದ್ಲು ಆಕಿ. ನೀ ಎಂಜಲ ಕೈಯಾಗ ನಿಂತು ಒದರಿದಿ. ಮನೀ ಮಗಾ ಯಾರು, ಹೊರಗಿನವರು ಯಾರು, ಯಾರಿಗೂ ತಿಳೀದಂಗಿತ್ತು ಅವತ್ತು.”

ಫಕೀರಪ್ಪ ಪೇಪರಿನ ಹಿಂದಿನಿಂದ, “ಹಬ್ಬಕ್ಕ ಊಟಕ್ಕ ಕರೀಬಾರದು ಅಂತ ಯಾವ ಕಲಮೂ ಇಲ್ಲ,” ಎಂದ. ಆ ಒಂದು ತಿಂಗಳಲ್ಲಿ ಅವನು ತೆಗೆದುಕೊಂಡ ಪಕ್ಷ ಅದೊಂದೇ.

ಶರಣವ್ವ ಕೈ ಒರೆಸಿಕೊಂಡು ಫೋನಿನ ಹತ್ತಿರ ಹೋದಳು. ನಂಬರ್ ಒತ್ತಿ, ಅತ್ತ ಕಡೆ ದನಿ ಬರುವ ತನಕ ಕಾದಳು.

“ದಾಕ್ಷಿ. ಶನಿವಾರ ಸಂಕ್ರಾಂತಿ. ಮಾದಲಿ ಮಾಡ್ತೇನಿ. ಇಬ್ಬರೂ ಬರ್ರಿ.” ಆಮೇಲೆ ಮಗನ ಕಡೆ ನೋಡದೆ, “ರಜನಿಗೆ ಮಾದಲಿ ಸೇರತೈತೋ ಶೇಂಗಾ ಹೋಳಿಗಿ ಸೇರತೈತೋ, ಕೇಳಿ ಹೇಳು,” ಎಂದಳು.

ಎರಡೂ ಸೇರುತ್ತದೆ ಎಂದು ಉತ್ತರ ಬಂತು. ಎರಡೂ ಆದವು.

ಸಂಕ್ರಾಂತಿಯ ದಿನ ಮನೆತುಂಬ ಎಳ್ಳು ಹುರಿದ ವಾಸನೆ. ಶಂಭುಲಿಂಗ ಬೆಳಿಗ್ಗೆಯೇ ಅಂಗಡಿ ಪೂಜೆ ಎಂದು ಹೊರಟವನು ಊಟದ ಹೊತ್ತಿಗೂ ಬಂದಿರಲಿಲ್ಲ. ಫಕೀರಪ್ಪ ಕಬ್ಬು ತರಲು ಹೋಗಿದ್ದ. ಶರಣವ್ವ ಹೋಳಿಗೆಯ ಹೆಂಚು ಬಿಟ್ಟು ಏಳುವಂತಿರಲಿಲ್ಲ. ಹೊರಗೆ ಗಾಡಿ ನಿಂತ ಸಪ್ಪಳ ಮೊದಲು ಕೇಳಿದ್ದು ದುರ್ಗಾಳಿಗೇ.

ಅವಳು ಪಡಸಾಲೆಯ ಒಳಬಾಗಿಲ ಪರದೆಯ ತನಕ ಬಂದು ನಿಂತುಬಿಟ್ಟಳು. ತಲೆಬಾಗಿಲಲ್ಲಿ ಮಾಳವ್ವಜ್ಜಿ ಅಡ್ಡ ನಿಂತಿದ್ದಳು. ಪೆಟ್ಟಿಗೆಯಲ್ಲಿದ್ದ ಇಲಕಲ್ ಸೀರೆ ಉಟ್ಟಿದ್ದಳು. ಊರುಗೋಲನ್ನು ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ ಅಡ್ಡ ಹಿಡಿದಿದ್ದಳು. ಹೊಸ್ತಿಲ ಆಚೆ ದ್ರಾಕ್ಷಾಯಿಣಿ, ರಜನಿ.

“ಹೆಸರು ಹೇಳಿ ಒಳಗ ಬಾ,” ಎಂದಳು ಅಜ್ಜಿ.

“ಯಾರ ಹೆಸರು ಅಜ್ಜಿ?”

“ನಿನ್ನ ಮನ್ಯಾಕಿ ಹೆಸರು. ಸುಮ್ಮನ ಹೇಳಿದ್ರ ಬಿಡೂದಿಲ್ಲ. ಒಡಪು ಹಾಕು.”

ದ್ರಾಕ್ಷಾಯಿಣಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಓಣಿಯ ಕಡೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಅವಳ ಕಿವಿ ಮತ್ತೆ ಕೆಂಪಾಯಿತು, ಆದರೆ ಈ ಸಲ ಮುಖದಲ್ಲಿ ನಗುವಿತ್ತು.

“ಕುಕ್ಕರಿನ ಸೀಟಿ ಎಣಿಸಿದರ ಮೂರ,
ರಜನಿ ಇಲ್ಲದ ಮನಿ ನನಗ ಬಲು ದೂರ.”

“ಮೂರು ಅಂತ ಒಪಗೊಂಡ್ಲು, ಕೇಳಿದ್ರೇನ್ರಿ ಅಜ್ಜಿ,” ಎಂದಳು ರಜನಿ.

“ಬಾಯಿ ಮುಚ್ಚು. ನಿನ್ನ ಪಾಳಿ.”

“ನನಗ ಒಡಪು ಗಿಡಪು ಬರೂದಿಲ್ರಿ.”

“ಹಂಗಾದ್ರ ಹೊರಗ ನಿಲ್ಲು. ಹೋಳಿಗಿ ನಾವ ತಿಂತೇವಿ.”

ರಜನಿ ಕೈಯಲ್ಲಿದ್ದ ತಪಾಸಣೆಯ ಡಬ್ಬಿಯನ್ನು ನೋಡಿಕೊಂಡಳು. ತುಟಿಯಲ್ಲೇ ಏನೋ ಕೂಡಿಸಿ ಕಳೆದಳು.

“ರಕ್ತದ ಹನಿಯಾಗ ಸಕ್ರಿ ನೋಡಾಕಿ ನಾನು,
ದ್ರಾಕ್ಷಾಯಿಣಿ ಅಂದರ ನನ್ನ ಪಾಲಿನ ಜೇನು.”

ಅಜ್ಜಿ ಊರುಗೋಲು ಕೆಳಗಿಳಿಸಿದಳು. ಸೊಂಟದ ಎಲೆಅಡಿಕೆಯ ಸಂಚಿ ಬಿಚ್ಚಿ ಬೆಲ್ಲದ ಹಳುಕು ತೆಗೆದು ಇಬ್ಬರ ಬಾಯಿಗೂ ಇಟ್ಟಳು. ರಾತ್ರಿಯ ‘ಟಕ್’ ಎಲ್ಲಿಗೆ ಹೋಗಿ ಸೇರುತ್ತಿತ್ತು ಎಂದು ದುರ್ಗಾಳಿಗೆ ಆಗ ತಿಳಿಯಿತು. ಸಂಚಿಯ ತುಂಬ ಬೆಲ್ಲವಿತ್ತು.

ದ್ರಾಕ್ಷಾಯಿಣಿ ಬಲಗಾಲು ಒಳಗಿಟ್ಟಳು. ರಜನಿ ಇಡಲಿಲ್ಲ. ಅಜ್ಜಿಯ ಕೈಯಿಂದ ಊರುಗೋಲನ್ನು ಮೆಲ್ಲಗೆ ತೆಗೆದುಕೊಂಡು, ಅಜ್ಜಿಯ ತೋಳು ಹಿಡಿದು ಹೊಸ್ತಿಲು ದಾಟಿಸಿ ಹೊರಗೆ ನಿಲ್ಲಿಸಿದಳು. ತಾನು ಒಳಗೆ ಬಂದು ಅದೇ ಕೋಲನ್ನು ಬಾಗಿಲಿಗೆ ಅಡ್ಡ ಹಿಡಿದಳು.

“ಈಗ ನೀವು ಹೇಳ್ರಿ, ಅಜ್ಜಿ.”

“ಏನ ಹುಚ್ಚಿ ಅದೀ,” ಎಂದಳು ಅಜ್ಜಿ. “ಸತ್ತು ಹೋದವರ ಹೆಸರು...”

“ಹೇಳಿದ್ರ ಬಿಡತೇನಿ.”

ಅಜ್ಜಿ ಸೆರಗು ತಲೆಯ ಮೇಲೆ ಸರಿಮಾಡಿಕೊಂಡಳು. ತಡವರಿಸಲಿಲ್ಲ. ಒಡಪು ಎಂದೋ ಸಿದ್ಧವಾಗಿ, ಯಾರಾದರೂ ಕೇಳಲಿ ಎಂದು ಕಾದಿತ್ತು.

“ದೀಪ ಇಲ್ಲದ ರಾತ್ರಿ ಹಿತ್ತಲದಿಂದ ಬಂದೆ,
ಗುರುಶಿದ್ದಪ್ಪರ ಹೆಸರು ಉಡಿಯಾಗ ತಂದೆ.”

ರಜನಿ ಕೋಲು ತೆಗೆದಳು. ಅಜ್ಜಿ ಎಂಬತ್ತರ ಹತ್ತಿರದ ಕಾಲನ್ನು ಎತ್ತಿ, ಬಲಗಾಲು ಮುಂದಿಟ್ಟು, ತಲೆಬಾಗಿಲಿನಿಂದ ತನ್ನ ಮನೆಯೊಳಗೆ ಬಂದಳು. ದ್ರಾಕ್ಷಾಯಿಣಿ ಸಂಚಿಯಿಂದ ದೊಡ್ಡದೊಂದು ಬೆಲ್ಲದ ಹಳುಕು ಹುಡುಕಿ ಅವಳ ಬಾಯಿಗೆ ಇಟ್ಟಳು. ಮೂವರೂ ನಗುತ್ತಿದ್ದರು, ಬಾಯಿತುಂಬ ಬೆಲ್ಲವಿದ್ದುದರಿಂದ ಸಪ್ಪಳವಿಲ್ಲದೆ.

ದುರ್ಗಾ ಹಿಂದೆ ಸರಿದು ಅಡುಗೆಮನೆಗೆ ಬಂದಳು. ಅಲ್ಲಿ ತಾಟು ಹಾಕಿದ್ದವು. ಮಗಳ ತಾಟಿನ ಮಗ್ಗುಲಿಗೇ ಇನ್ನೊಂದು ತಾಟು. ಎರಡಕ್ಕೂ ಹೋಳಿಗೆ ಬಿದ್ದಾಗಿತ್ತು.

ಊಟ ನಡೆದಿದ್ದಾಗ ಶಂಭುಲಿಂಗ ಬಂದ. ಬಾಗಿಲಲ್ಲಿ ಎರಡು ಜೊತೆ ಚಪ್ಪಲಿ ನೋಡಿದ, ಒಳಗೆ ಬಂದು ಕೈ ತೊಳೆದು ಕುಳಿತ. ಒಂದು ಹೋಳಿಗೆ ಮುಗಿಸಿದ ಮೇಲೆ, ಎಡಗೈ ಬೆರಳನ್ನು ರಜನಿಯ ಕಡೆ ಚಾಚಿದ.

“ನಂದೂ ನೋಡಿಬಿಡ್ರಿ. ಈ ಸಕ್ರಿ ಬಾಬತ್ತು ಮನಿತನದಾಗ ಬರತೈತಂತಲ್ಲ.”

“ಹೋಳಿಗಿ ತಿಂದು ನೋಡಬಾರದ್ರಿ. ಮುಂದಿನ ತಿಂಗಳ ಬರ್ತೇವಲ್ಲ, ಬೆಳಿಗ್ಗೆ ಏನೂ ತಿನ್ನದ ಇರ್ರಿ,” ಎಂದಳು ರಜನಿ.

“ಆತು,” ಎಂದ ಶಂಭುಲಿಂಗ. “ಮುಂದಿನ ತಿಂಗಳ.”

ಅಜ್ಜಿ ಮಾತ್ರ ಮುಷ್ಟಿ ಬಿಗಿದುಕೊಂಡಿದ್ದಳು. “ಹಬ್ಬದ ದಿನ ಯಾರೂ ರಕ್ತ ಕೊಡೂದಿಲ್ಲ,” ಎಂದಳು. ರಜನಿಯೂ ಒತ್ತಾಯ ಮಾಡಲಿಲ್ಲ.

ಎಲ್ಲರೂ ಎದ್ದ ಮೇಲೆ ಶರಣವ್ವ ಪಾತ್ರೆ ಜೋಡಿಸುತ್ತ ಸೊಸೆಯನ್ನು ಕೇಳಿದಳು: “ಅವರು ಬಂದು ಅಷ್ಟೊತ್ತು ಬಾಗಲದಾಗ ಏನ ನಡದಿತ್ತು?”

“ಚಪ್ಪಲಿ ಬಿಡಾಕತ್ತಿದ್ರು, ಅತ್ತಿ.”

“ಚಪ್ಪಲಿ ಬಿಟ್ರ ತುಟಿಗೆ ಬೆಲ್ಲ ಹತ್ತತೈತೇನು?”

ದುರ್ಗಾ ತಲೆ ಎತ್ತಲಿಲ್ಲ. ಅವಳಿಗೆ ಮಾವ ಹೇಳಿದ ಕಲಂ ನೆನಪಾಯಿತು, ಕೆಲಗೇರಿಯ ಮಾಲಕರು ನೆನಪಾದರು, ಅಡತಿ ಅಂಗಡಿಯ ಕಟ್ಟೆಯ ಮೇಲೆ ಕೂರುವ ಮಂದಿ ನೆನಪಾದರು. ಎಲ್ಲಕ್ಕಿಂತ ಹೆಚ್ಚಾಗಿ, ಬಲಗಾಲು ಎತ್ತುವಾಗ ನಾಚಿದ್ದ ಅಜ್ಜಿಯ ಮುಖ ನೆನಪಾಯಿತು. ನಡೆದದ್ದೆಲ್ಲ ಅವಳ ನಾಲಿಗೆಯ ತುದಿಯ ತನಕ ಬಂತು. ಬೆಲ್ಲದ ಡಬ್ಬಿ ಕೈಗೆತ್ತಿಕೊಂಡು ಅಲುಗಿಸಿದಳು. ತಳದಲ್ಲಿ ಒಂದೆರಡು ತುಣುಕು ಮಾತ್ರ ಉಳಿದಿದ್ದವು. ಹೊಸ ಬೆಲ್ಲ ಒಡೆದು ಡಬ್ಬಿ ತುಂಬಿದಳು. ಯಾರಿಗೂ ಹೇಳಬಾರದು ಎಂದು ನಿಶ್ಚಯಿಸಿ, ಸಪ್ಪಳವಾಗದಂತೆ ಮುಚ್ಚಳ ಹಾಕಿದಳು.